ಹೆದರಿಕೆ, ಬಿಗಿತ, ನೋವು: ಡಾ. ಗ್ರಾಂಟ್ಲಿ ಡಿಕ್-ರೀಡ್ ಹೇಳಿದ್ದರಲ್ಲಿ ನಿಜವೆಷ್ಟು?

ಸಿಸೇರಿಯನ್ ಆದ ಮರುದಿನ ಬಾಣಂತಿಯ ಹಾಸಿಗೆಯ ಸುತ್ತ ಎರಡು ಬಗೆಯ ಬುದ್ಧಿಮಾತು ಕೇಳಿಬರುತ್ತದೆ. ಅಲುಗಾಡಬೇಡ, ಹೊಲಿಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಒಂದು. ನೋವೆಲ್ಲ ಮನಸ್ಸಿನಲ್ಲಿದೆ, ಧೈರ್ಯ ತಂದುಕೊಂಡರೆ ಗೊತ್ತೇ ಆಗುವುದಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸರಿ, ಅರ್ಧ ತಪ್ಪು. ಹಾಗಾಗಿ ಅದರ ಜೊತೆ ವಾದ ಮಾಡುವುದೇ ಕಷ್ಟ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 21 ಹೆರಿಗೆಗಳು ಸಿಸೇರಿಯನ್ ಮೂಲಕ ಆಗುತ್ತವೆ. ಕರ್ನಾಟಕದಲ್ಲಿ ಈ ಸಂಖ್ಯೆ 31ರ ಆಸುಪಾಸಿನಲ್ಲಿದೆ. ಅಂದರೆ ಹತ್ತು ಬಾಣಂತಿಯರಲ್ಲಿ ಮೂವರು ಈ ಎರಡು ಬುದ್ಧಿಮಾತುಗಳ ನಡುವೆ ಮಲಗಿರುತ್ತಾರೆ. ಮನಸ್ಸಿಗೂ ನೋವಿಗೂ ಇರುವ ನಂಟಿನ ಮಾತನ್ನು ಹೆರಿಗೆ ಕೋಣೆಯೊಳಗೆ ತಂದವರಲ್ಲಿ ಎಲ್ಲರಿಗಿಂತ ಹೆಸರಾದವರು ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲಿಷ್ ವೈದ್ಯರು. ಗರ್ಭಿಣಿಯರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವ ಇಂದಿನ ತರಗತಿಗಳ ಹಿಂದೆ ಅವರ ನೆರಳಿದೆ. ಅವರು ಬರೆದದ್ದೆಲ್ಲ ಸಹಜ ಹೆರಿಗೆಯ ಬಗ್ಗೆ, ಸಿಸೇರಿಯನ್ ಬಗ್ಗೆ ಅಲ್ಲ. ಆದರೂ ಅವರ ವಿಚಾರ ನಿಜಕ್ಕೂ ಹೆಚ್ಚು ಉಪಯೋಗಕ್ಕೆ ಬರುವುದು ಹೊಲಿಗೆ ಹಾಕಿಸಿಕೊಂಡು ಮಲಗಿದವಳಿಗೇ ಎಂದು ನನಗನ್ನಿಸುತ್ತದೆ. ಯಾಕೆ ಅನ್ನುವುದಕ್ಕೆ ಅವರ ಬದುಕಿನಿಂದಲೇ ಶುರುಮಾಡಬೇಕು.

ಮೋಂಬತ್ತಿಯ ಬೆಳಕಿನ ಹೆರಿಗೆ

ಡಿಕ್-ರೀಡ್ ಹುಟ್ಟಿದ್ದು 1890ರ ಜನವರಿ 26ರಂದು, ಇಂಗ್ಲೆಂಡಿನ ಪೂರ್ವ ಭಾಗದ ಸಫೋಕ್ ಪ್ರಾಂತ್ಯದ ಬೆಕಲ್ಸ್ ಎಂಬ ಊರಿನಲ್ಲಿ. ತಂದೆಯದು ಹಿಟ್ಟಿನ ಗಿರಣಿ ವ್ಯಾಪಾರ, ಮನೆ ತುಂಬ ಮಕ್ಕಳು. ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದಲ್ಲಿರುವ ಲಂಡನ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತರು. ವೈಟ್‌ಚಾಪೆಲ್ ಆಗ ನಗರದ ಅತಿ ಬಡವರು ವಾಸವಿದ್ದ ಜಾಗ. ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲಿನ ಮನೆಗಳಿಗೇ ಹೋಗಿ ಹೆರಿಗೆ ಮಾಡಿಸಿ ಬರಬೇಕಿತ್ತು.

ಅವರ ಬದುಕನ್ನು ತಿರುಗಿಸಿದ ಘಟನೆ ನಡೆದದ್ದು ಹೀಗೆ ಹೋದ ಒಂದು ಮನೆಯಲ್ಲಿ. ಬೆಳಗಿನ ಜಾವ, ಜೋರು ಮಳೆ, ರೈಲ್ವೆ ಕಮಾನಿನ ಪಕ್ಕದ ಒಂದು ಗುಡಿಸಲು. ಕಿಟಕಿ ಒಡೆದು ಮಳೆನೀರು ಒಳಗೆ ಬರುತ್ತಿತ್ತು. ಬಿಯರ್ ಬಾಟಲಿಯ ಬಾಯಿಗೆ ಸಿಕ್ಕಿಸಿದ್ದ ಒಂದೇ ಮೋಂಬತ್ತಿಯ ಬೆಳಕು. ಹೆರುವ ಹೆಂಗಸಿಗೆ ಹೊದೆಯಲು ಗೋಣಿಚೀಲ ಮತ್ತು ಒಂದು ಹಳೆಯ ಲಂಗ. ಮಗುವಿನ ತಲೆ ಹೊರಬರುವ ಹೊತ್ತಿಗೆ ಡಿಕ್-ರೀಡ್ ಅವಳಿಗೆ ಕ್ಲೋರೋಫಾರ್ಮ್ ಕೊಡಲು ಹೋದರು. ಅವಳು ಬೇಡವೆಂದು ತಳ್ಳಿದಳು. ಕೂಗಾಟವಿಲ್ಲದೆ ಹೆರಿಗೆ ಆಯಿತು. ಹೊರಡುವಾಗ, ಯಾಕೆ ಬೇಡವೆಂದೆ ಎಂದು ಕೇಳಿದರು. ತನಗೇನೂ ನೋವಾಗಲಿಲ್ಲವೆಂದೂ, ನೋವಾಗಬೇಕು ಅಂತ ಎಲ್ಲಾದರೂ ಇದೆಯೇ ಎಂದೂ ಆಕೆ ಸಂಕೋಚದಿಂದ ಮರುಪ್ರಶ್ನೆ ಹಾಕಿದಳಂತೆ.

ಅಂತ ಯಾಕೆಂದರೆ, ಈ ಕಥೆ ನಮಗೆ ಗೊತ್ತಿರುವುದು ಅವರೇ ಹಲವು ವರ್ಷಗಳ ನಂತರ ಬರೆದದ್ದರಿಂದ. ಇದೇನೂ ಪ್ರಯೋಗವಲ್ಲ, ಒಬ್ಬ ಹೆಂಗಸಿನ ಅನುಭವ ಅಷ್ಟೆ. ಪಕ್ಕದ ಬೀದಿಯಲ್ಲಿ ಅದೇ ರಾತ್ರಿ ಕೂಗಿ ಕೂಗಿ ಹೆತ್ತವಳ ಕಥೆಯನ್ನು ಯಾರೂ ಬರೆದಿಡಲಿಲ್ಲ. ಆದರೆ ಇಪ್ಪತ್ತಮೂರು ವರ್ಷದ ಹುಡುಗನ ತಲೆಯೊಳಗೆ ಆ ಪ್ರಶ್ನೆ ಹೊಕ್ಕಿತು, ಸಾಯುವವರೆಗೂ ಹೊರಬರಲಿಲ್ಲ.

ಆ ಪ್ರಶ್ನೆಯ ತೂಕ ತಿಳಿಯಬೇಕಾದರೆ ಆಗಿನ ಹಿನ್ನೆಲೆ ಗೊತ್ತಿರಬೇಕು. ಹೆರಿಗೆ ನೋವು ದೇವರು ಹವ್ವಳಿಗೆ ಕೊಟ್ಟ ಶಿಕ್ಷೆ ಎಂದು ಬೈಬಲ್ಲಿನ ಒಂದು ಮಾತನ್ನು ಯುರೋಪು ಶತಮಾನಗಳಿಂದ ನಂಬಿತ್ತು. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ ತಕರಾರು ಎದ್ದಿತು. 1853ರಲ್ಲಿ ರಾಣಿ ವಿಕ್ಟೋರಿಯಾ ತಮ್ಮ ಎಂಟನೆಯ ಹೆರಿಗೆಗೆ ಅದನ್ನೇ ಪಡೆದ ಮೇಲೆ ಸದ್ದು ತಗ್ಗಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಗಡಿಯಾರ ಇನ್ನೊಂದು ತುದಿಗೆ ತಿರುಗಿತ್ತು. ಮಾರ್ಫಿನ್ ಮತ್ತು ಸ್ಕೋಪೋಲಮಿನ್ ಕೊಟ್ಟು ತಾಯಿಗೆ ಹೆತ್ತದ್ದೇ ನೆನಪಿಲ್ಲದಂತೆ ಮಾಡುವ ಪದ್ಧತಿ ಜರ್ಮನಿಯಿಂದ ಹರಡತೊಡಗಿತ್ತು. ನೋವು ಅನಿವಾರ್ಯ, ಪ್ರಜ್ಞೆ ತಪ್ಪಿಸುವುದೇ ದಾರಿ ಎಂದು ವೈದ್ಯರು ನಂಬಿದ್ದ ಕಾಲದಲ್ಲಿ ಡಿಕ್-ರೀಡ್ ನೋವಿನ ಕಾರಣವನ್ನೇ ಹುಡುಕಲು ಹೊರಟರು.

ಯುದ್ಧಭೂಮಿಯಲ್ಲಿ ಕಲಿತದ್ದು

1914ರಲ್ಲಿ ವೈದ್ಯರಾದರು, ಅದೇ ವರ್ಷ ಯುದ್ಧ ಶುರುವಾಯಿತು. ಸೇನೆಯ ವೈದ್ಯಕೀಯ ದಳ ಸೇರಿ ಗಲಿಪೊಲಿಗೆ ಹೋದರು. ಅಲ್ಲಿ ತೀವ್ರವಾಗಿ ಗಾಯಗೊಂಡರು. ಚೇತರಿಸಿಕೊಂಡು ಫ್ರಾನ್ಸಿನ ರಣರಂಗಕ್ಕೆ ಹೋದಾಗ ಭಾರತೀಯ ಅಶ್ವದಳದ ಜೊತೆ ಕೆಲಸ ಮಾಡಿದರು. ಮೈಯನ್ನು ಭಾಗಭಾಗವಾಗಿ ಸಡಿಲ ಬಿಡುವ ಕಲೆಯನ್ನು ಅಲ್ಲಿ ಒಬ್ಬ ಭಾರತೀಯ ಸೈನಿಕನಿಂದ ಕಲಿತರೆಂದು ಅವರ ಬದುಕನ್ನು ಬರೆದವರು ಹೇಳುತ್ತಾರೆ. ಆ ಸೈನಿಕ ಯೋಗ ಬಲ್ಲವನಾಗಿದ್ದನಂತೆ. ಮುಂದೆ ಯುರೋಪಿನ ಲಕ್ಷಾಂತರ ಗರ್ಭಿಣಿಯರು ಚಾಪೆಯ ಮೇಲೆ ಮಲಗಿ ಕಾಲ್ಬೆರಳಿನಿಂದ ಹಣೆಯವರೆಗೆ ಸಡಿಲಿಸಿಕೊಳ್ಳಲು ಕಲಿತರಲ್ಲ, ಅದರ ಒಂದು ಎಳೆ ಹೀಗೆ ಹೆಸರಿಲ್ಲದ ನಮ್ಮವನೊಬ್ಬನಿಂದ ಹೋದದ್ದಿರಬಹುದು.

ಗಾಯಾಳುವಾಗಿ ಮಲಗಿದ್ದವರಿಗೂ ಗಾಯಾಳುಗಳನ್ನು ನೋಡಿದವರಿಗೂ ಒಂದು ಸಂಗತಿ ತಿಳಿಯದೆ ಇರುವುದಿಲ್ಲ. ಗಾಯದ ಅಳತೆಗೂ ನೋವಿನ ಅಳತೆಗೂ ನೇರ ಲೆಕ್ಕವಿಲ್ಲ. ಇದನ್ನು ಮುಂದೆ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಎಣಿಸಿ ತೋರಿಸಿದರು. ದೊಡ್ಡ ಗಾಯಗಳಾಗಿದ್ದ ಸೈನಿಕರನ್ನು ಕೇಳಿದಾಗ ನಾಲ್ವರಲ್ಲಿ ಒಬ್ಬನಷ್ಟೇ ನೋವಿನ ಔಷಧ ಬೇಕೆಂದನು. 1946ರಲ್ಲಿ ಬೀಚರ್ ಇದನ್ನು ಪ್ರಕಟಿಸಿದರು. ಗಾಯಗೊಂಡವನಿಗೆ ಯುದ್ಧದಿಂದ ಬಿಡುಗಡೆ, ಜೀವಸಹಿತ ಮನೆಗೆ ಮರಳುವ ಭರವಸೆ. ಗಾಯದ ಅರ್ಥ ಬೇರೆಯಾದಾಗ ನೋವೂ ಬೇರೆಯಾಯಿತು ಎಂದು ಅವರು ವಿವರಿಸಿದರು.

ಯುದ್ಧ ಮುಗಿಸಿ ಬಂದ ಡಿಕ್-ರೀಡ್ ತಮ್ಮ ವಿಚಾರವನ್ನು ಬರೆದು ಹಿರಿಯರಿಗೆ ತೋರಿಸಿದರು. ಈಗಲೇ ಪ್ರಕಟಿಸಬೇಡ, ಇನ್ನಷ್ಟು ಅನುಭವವಾಗಲಿ ಎಂಬ ಸಲಹೆ ಬಂತು. ಲಂಡನ್ ಹತ್ತಿರದ ವೋಕಿಂಗ್ ಪಟ್ಟಣದಲ್ಲಿ ವೃತ್ತಿ ಹಿಡಿದು, ಹದಿಮೂರು ಹದಿನಾಲ್ಕು ವರ್ಷ ಹೆರಿಗೆಗಳನ್ನು ನೋಡುತ್ತ ಹೋದರು. 1933ರಲ್ಲಿ ಮೊದಲ ಪುಸ್ತಕ ಬಂತು. ಹೆಸರಿನಲ್ಲೇ ಸಹಜ ಹೆರಿಗೆ ಎಂಬ ಮಾತಿತ್ತು.

ಅವರ ವಾದವೇನು?

ವಾದ ಸರಳ. ಹೆರಿಗೆ ಅಂದರೆ ಭಯಂಕರ ಎಂದು ಹೆಣ್ಣುಮಗಳು ಚಿಕ್ಕಂದಿನಿಂದ ಕೇಳಿರುತ್ತಾಳೆ. ನೋವು ಶುರುವಾದಾಗ ಹೆದರುತ್ತಾಳೆ. ಹೆದರಿದ ಮೈ ಓಡಲು ಇಲ್ಲವೇ ಕಾದಾಡಲು ಸಜ್ಜಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಮೇಲೆ ಮೇಲೆ ಆಡುತ್ತದೆ. ಬಿಗಿದ ಮೈಯಲ್ಲಿ ಗರ್ಭಕೋಶದ ಬಾಯಿ ಸಲೀಸಾಗಿ ತೆರೆದುಕೊಳ್ಳುವುದಿಲ್ಲ, ಹಾಗಾಗಿ ನೋವು ಹೆಚ್ಚು. ನೋವು ಹೆಚ್ಚಾದಷ್ಟೂ ಹೆದರಿಕೆ ಹೆಚ್ಚು. ಹೆದರಿಕೆ, ಬಿಗಿತ, ನೋವು, ಮತ್ತೆ ಹೆದರಿಕೆ. ಗಾಣದೆತ್ತಿನ ಸುತ್ತು.

ಈ ಸುತ್ತನ್ನು ಎಲ್ಲಿಯಾದರೂ ಒಂದು ಕಡೆ ಕಡಿಯಬೇಕು. ಅದಕ್ಕೆ ಅವರು ಮಾಡಿದ್ದು: ಹೆರಿಗೆಯಲ್ಲಿ ಏನೇನು ಆಗುತ್ತದೆಂದು ಗರ್ಭಿಣಿಗೆ ಮೊದಲೇ ವಿವರಿಸುವುದು, ಉಸಿರಾಟ ಮತ್ತು ಮೈ ಸಡಿಲಿಕೆ ಕಲಿಸುವುದು, ಹೆರಿಗೆಯ ಹೊತ್ತಿನಲ್ಲಿ ಆಕೆಯನ್ನು ಒಂಟಿಯಾಗಿ ಬಿಡದಿರುವುದು. ಒಂಟಿತನದಷ್ಟು ಹೆದರಿಕೆ ಹುಟ್ಟಿಸುವುದು ಬೇರೊಂದಿಲ್ಲ ಎಂಬುದು ಅವರ ದೃಢ ನಂಬಿಕೆ. ಗಂಡನನ್ನು ಹೆರಿಗೆ ಕೋಣೆಯಿಂದ ಹೊರಗಿಡುತ್ತಿದ್ದ ಕಾಲದಲ್ಲಿ ಅವನು ಜೊತೆಗಿರಬಹುದು ಎಂದರು. ಇಂದು ಇವೆಲ್ಲ ಮಾಮೂಲಿ ಮಾತು. ಆಗ ಸಹೋದ್ಯೋಗಿಗಳು ನಕ್ಕರು, ಕೆಲವರು ಸಿಟ್ಟಾದರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಅವರು ಔಷಧವನ್ನು ಪೂರ್ತಿ ಬೇಡವೆಂದವರಲ್ಲ. ಬೇಕೆನಿಸಿದಾಗ ಕೈಗೆಟುಕುವಂತೆ ನೋವು ಶಮನದ ಗ್ಯಾಸ್ ಇರಬೇಕು, ತೊಡಕಾದ ಹೆರಿಗೆಯಲ್ಲಿ ಅರಿವಳಿಕೆಯೂ ಶಸ್ತ್ರಚಿಕಿತ್ಸೆಯೂ ಬೇಕೇ ಬೇಕು ಎಂದು ಒಪ್ಪಿದ್ದರು. ಅವರ ಹೆಸರು ಹೇಳಿಕೊಂಡು ಮುಂದೆ ಬಂದ ಹಲವರು ಈ ಭಾಗವನ್ನು ಮರೆತರು.

1942ರಲ್ಲಿ ಎರಡನೆಯ ಪುಸ್ತಕ ಬಂತು. 1944ರಲ್ಲಿ ಅದು ಅಮೆರಿಕದಲ್ಲಿ ಹೆದರಿಕೆಯಿಲ್ಲದ ಹೆರಿಗೆ ಎಂಬರ್ಥದ ಹೆಸರಿನಲ್ಲಿ ಹೊರಬಂದಾಗ ಡಿಕ್-ರೀಡ್ ಮನೆಮಾತಾದರು. ದೇಶದೇಶಗಳ ತಾಯಂದಿರಿಂದ ಪತ್ರಗಳು ಬಂದವು. ವೈದ್ಯ ಸಮುದಾಯ ಮಾತ್ರ ಒಲಿಯಲಿಲ್ಲ. ವೋಕಿಂಗಿನ ಪಾಲುದಾರರೊಂದಿಗೆ ಬಿರುಕು ಬಂತು. 1948ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗ ಅವರಿಗೆ ಆಸ್ಪತ್ರೆಯ ಹುದ್ದೆ ಸಿಗಲಿಲ್ಲ. ಅರವತ್ತರ ಹೊಸ್ತಿಲಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿಗೆ ಹೋಗಿ ನೆಲೆಸಿದರು. ಅಲ್ಲಿಯೂ ವೈದ್ಯ ಮಂಡಳಿಯೊಂದಿಗೆ ಜಟಾಪಟಿ. ನಯವಾಗಿ ಮಾತಾಡಿ ಒಲಿಸಿಕೊಳ್ಳುವ ಸ್ವಭಾವ ಅವರದಲ್ಲ ಅನ್ನುವುದನ್ನೂ ಹೇಳಬೇಕು.

ಎಲ್ಲಿ ಎಡವಿದರು

ಐವತ್ತರ ದಶಕದ ನಡುವೆ ಅವರು ಕುಟುಂಬ ಸಮೇತ ಕ್ಯಾರವಾನಿನಲ್ಲಿ ಆಫ್ರಿಕಾ ಸುತ್ತಿದರು. ಅಲ್ಲಿನ ಹಳ್ಳಿಯ ಹೆಂಗಸರು ನೋವಿಲ್ಲದೆ ಹೆರುತ್ತಾರೆ, ನಾಗರಿಕತೆ ತಾಕದವರಿಗೆ ಹೆದರಿಕೆಯಿಲ್ಲ ಎಂಬುದು ಅವರ ಹಳೆಯ ನಂಬಿಕೆ. ಅದನ್ನು ಕಣ್ಣಾರೆ ಕಂಡು ಸಾಬೀತು ಮಾಡುವ ಹಂಬಲ. ಇದು ಆ ಕಾಲದ ಬಿಳಿಯರಲ್ಲಿ ವ್ಯಾಪಕವಾಗಿದ್ದ ತಪ್ಪು ಕಲ್ಪನೆ, ಅದರೊಳಗೆ ಜನಾಂಗೀಯ ತಾತ್ಸಾರವೂ ಇತ್ತು. ಕೂಗದಿರುವುದಕ್ಕೂ ನೋವಿಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಹೆರುವಾಗ ಕೂಗುವುದು ನಾಚಿಕೆಗೇಡು ಎಂದು ಬೆಳೆಸುವ ಸಮಾಜಗಳು ಬೇಕಾದಷ್ಟಿವೆ. ಹಲ್ಲು ಕಚ್ಚಿ ಹೆತ್ತ ನಮ್ಮ ಅಜ್ಜಿಯರನ್ನು ಕೇಳಿದ್ದರೆ ಅವರೇ ಹೇಳುತ್ತಿದ್ದರು.

ಹೆಣ್ಣಿನ ಬಾಳಿನ ಗುರಿಯೇ ತಾಯ್ತನ, ಓದಿದ ಕುಲೀನ ಮನೆತನದ ಹೆಂಗಸರು ಹೆಚ್ಚು ಹೆರಬೇಕು ಎಂಬಂಥ ಮಾತುಗಳೂ ಅವರ ಆರಂಭದ ಬರಹದಲ್ಲಿವೆ. ಗರ್ಭಕೋಶದ ಸ್ನಾಯುಗಳ ಬಗ್ಗೆ ಅವರು ಕೊಟ್ಟ ವಿವರಣೆಯೂ ಪೂರ್ತಿ ನಿಲ್ಲಲಿಲ್ಲ. ಗರ್ಭಕೋಶದ ಬಾಯಿಯಲ್ಲಿ ಅವರು ಊಹಿಸಿದಷ್ಟು ಸ್ನಾಯುವೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆಯದು. ಹೆದರಿಕೆಯಿಂದ ನೋವು ಅಂದಮೇಲೆ ನೋವಾದವಳು ಹೆದರಿದವಳು ಎಂದಾಯಿತು. ತರಗತಿಗೆ ಹೋಗಿ, ಉಸಿರಾಟ ಕಲಿತು, ಆದರೂ ನೋವು ತಡೆಯಲಾರದೆ ಇಂಜೆಕ್ಷನ್ ಕೇಳಿದವಳಿಗೆ ತಾನು ಸೋತೆ ಅನ್ನಿಸತೊಡಗಿತು. ಸಿಸೇರಿಯನ್ ಆದವಳಿಗಂತೂ ಪರೀಕ್ಷೆಗೇ ಕೂರಲಿಲ್ಲ ಎಂಬ ಭಾವ. ನಮ್ಮಲ್ಲೂ ಈ ಮಾತಿನ ತಂಗಿಯರು ಓಡಾಡಿಕೊಂಡಿವೆ: ನಾರ್ಮಲ್ ಆಗಲಿಲ್ಲವಾ ಎಂಬ ಮರುಕದ ಪ್ರಶ್ನೆ, ಸುಲಭದ ದಾರಿ ಹಿಡಿದಳು ಎಂಬ ಕೊಂಕು. ಚರ್ಮ, ಕೊಬ್ಬು, ಹೊಟ್ಟೆಯ ಗೋಡೆಯ ಗಟ್ಟಿ ಪದರ, ಗರ್ಭಕೋಶ ಇಷ್ಟನ್ನೂ ಕೊಯ್ದು ಹೊಲಿಯುವ ದಾರಿಯನ್ನು ಸುಲಭ ಅನ್ನುವವರು ಒಮ್ಮೆ ಅದರಲ್ಲಿ ನಡೆದು ನೋಡಬೇಕು.

ನೋವಿಲ್ಲದ ಹೆರಿಗೆ ಎಂಬ ಮಾತನ್ನು ಕೊನೆಗೂ ಅಳೆದು ನೋಡಿದವರು ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್‌ಝಾಕ್. ಅವರೂ ಪ್ಯಾಟ್ರಿಕ್ ವಾಲ್ ಅವರೂ ಸೇರಿ 1965ರಲ್ಲಿ ನೋವಿನ ಬಗ್ಗೆ ಒಂದು ಪ್ರಸಿದ್ಧ ಸಿದ್ಧಾಂತ ಮುಂದಿಟ್ಟಿದ್ದರು. ಗಾಯದಿಂದ ಹೊರಟ ಸಂಕೇತ ನೇರವಾಗಿ ಮಿದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ. ಆ ಬಾಗಿಲು ಎಷ್ಟು ತೆರೆಯಬೇಕು ಅನ್ನುವುದನ್ನು ಸ್ಪರ್ಶದ ಸಂಕೇತಗಳೂ ಮೇಲಿನಿಂದ ಮಿದುಳು ಕಳಿಸುವ ಆದೇಶಗಳೂ ಸೇರಿ ತೀರ್ಮಾನಿಸುತ್ತವೆ. ಎಡವಿದ ಕಾಲನ್ನು ತಕ್ಷಣ ಉಜ್ಜಿಕೊಂಡರೆ ಹಾಯೆನಿಸುವುದು ಹೀಗೆ. ಸಿದ್ಧಾಂತದ ವಿವರಗಳು ಆಮೇಲೆ ತಿದ್ದುಪಡಿಯಾದವು, ತಿರುಳು ಉಳಿಯಿತು. ಹೆದರಿಕೆಗೂ ನೋವಿಗೂ ಸಂಬಂಧವಿದೆ ಎಂದ ಡಿಕ್-ರೀಡ್ ಅವರಿಗೆ, ಅವರು ಕಂಡಿರದ ಒಂದು ಆಧಾರ ಸಿಕ್ಕಂತಾಯಿತು.

ಅದೇ ಮೆಲ್‌ಝಾಕ್ 1981ರಲ್ಲಿ ಹೆರಿಗೆ ನೋವನ್ನು ತಮ್ಮ ಪ್ರಶ್ನಾವಳಿಯಿಂದ ಅಳೆದಾಗ ಕಂಡದ್ದು: ತರಬೇತಿ ಪಡೆದವರಿಗೆ ನೋವು ಸ್ವಲ್ಪ ಕಡಿಮೆ, ಆದರೆ ಅವರಲ್ಲೂ ಹೆಚ್ಚಿನವರಿಗೆ ತೀವ್ರವಾಗಿಯೇ ಇತ್ತು. ನೋವಿಲ್ಲದ ಹೆರಿಗೆ ಒಂದು ಮಿಥ್ಯೆ ಎಂದು 1984ರಲ್ಲಿ ಅವರು ಬರೆದರು. ಹೆದರಿಕೆ ನೋವನ್ನು ಹೆಚ್ಚಿಸುತ್ತದೆ ಅನ್ನುವುದು ನಿಜ. ಹೆದರಿಕೆಯೇ ನೋವನ್ನು ಹುಟ್ಟಿಸುತ್ತದೆ ಅನ್ನುವುದು ಸುಳ್ಳು.

ಆ ಲೆಕ್ಕ ಬರುವ ಹೊತ್ತಿಗೆ ಡಿಕ್-ರೀಡ್ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿಗೆ ಮರಳಿದ್ದ ಅವರಿಗೆ ತಡವಾಗಿ ಮನ್ನಣೆ ಬರತೊಡಗಿತ್ತು. 1956ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ನೋವು ಕಡಿಮೆ ಮಾಡುವ ಹೆರಿಗೆ ತರಬೇತಿ ಧರ್ಮಕ್ಕೆ ವಿರುದ್ಧವಲ್ಲ ಎಂದು ಸಾರಿದರು. ಅದೇ ವರ್ಷ ಪ್ರುನೆಲ್ಲಾ ಬ್ರಿಯಾನ್ಸ್ ಎಂಬ ತಾಯಿ ಡಿಕ್-ರೀಡ್ ವಿಚಾರಗಳನ್ನು ಹರಡಲು ಒಂದು ಸಂಘ ಕಟ್ಟಿದರು, ಅದೇ ಮುಂದೆ ಬ್ರಿಟನ್ನಿನ ನ್ಯಾಷನಲ್ ಚೈಲ್ಡ್‌ಬರ್ತ್ ಟ್ರಸ್ಟ್ ಆಯಿತು. ಅತ್ತ ಫ್ರಾನ್ಸಿನ ಫರ್ನಾಂಡ್ ಲಮಾಝ್ ಸೋವಿಯತ್ ದೇಶದಿಂದ ತಂದ ಇನ್ನೊಂದು ಪದ್ಧತಿ ಜನಪ್ರಿಯವಾಗುತ್ತಿತ್ತು, ಯಾರು ಮೊದಲು ಎಂಬ ಜಗಳವೂ ನಡೆದಿತ್ತು. 1959ರ ಜೂನ್ 11ರಂದು ನಾರ್‌ಫೋಕ್‌ನ ರಾಕ್ಸಮ್‌ನಲ್ಲಿ ಡಿಕ್-ರೀಡ್ ತೀರಿಕೊಂಡರು. ಅರವತ್ತೊಂಬತ್ತು ವರ್ಷ ವಯಸ್ಸಾಗಿತ್ತು.

ಹೊಲಿಗೆಯ ಹಾಸಿಗೆಯ ಮೇಲೆ

ಈಗ ಸಿಸೇರಿಯನ್ ವಿಷಯಕ್ಕೆ ಬರೋಣ. ಇಲ್ಲಿ ನೋವಿಗೆ ಕಾರಣ ಕಣ್ಣೆದುರಿಗೇ ಇದೆ. ಕೊಯ್ದ ಗಾಯದ ನೋವು ಒಂದು. ಗರ್ಭಕೋಶ ಮೊದಲಿನ ಗಾತ್ರಕ್ಕೆ ಕುಗ್ಗುವಾಗಿನ ಹಿಂಡುವ ನೋವು ಇನ್ನೊಂದು, ಮಗುವಿಗೆ ಹಾಲೂಡಿಸುವಾಗ ಆಕ್ಸಿಟೋಸಿನ್ ಸ್ರವಿಸಿ ಇದು ಜೋರಾಗುತ್ತದೆ. ಕರುಳು ನಿಧಾನವಾಗಿ ಗ್ಯಾಸ್ ತುಂಬಿ ಹೊಟ್ಟೆ ಉಬ್ಬರಿಸುವುದು ಮೂರನೆಯದು. ಇವು ಯಾವುವೂ ಧೈರ್ಯ ತಂದುಕೊಂಡರೆ ಹೋಗುವಂಥವಲ್ಲ. ಹಾಗಾಗಿ ನೋವಿನ ಮಾತ್ರೆಯೇ ಮೊದಲ ಆಸರೆ, ಉಳಿದದ್ದೆಲ್ಲ ಅದರ ಜೊತೆಗೆ.

ಮಾತ್ರೆ ತೆಗೆದುಕೊಂಡರೆ ಹಾಲಿನಲ್ಲಿ ಮಗುವಿಗೆ ಹೋಗುತ್ತದೆ ಎಂದು ಹಲ್ಲು ಕಚ್ಚಿ ಮಲಗುವವರಿದ್ದಾರೆ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಹಾಲಿಗೆ ಸೇರುವ ಪ್ರಮಾಣ ತೀರ ಕಡಿಮೆ. ಹಾಲೂಡಿಸುವ ತಾಯಂದಿರಿಗೆ ಅವನ್ನು ಸಾಮಾನ್ಯವಾಗಿ ಕೊಡುತ್ತಾರೆ. ಕೊಡೀನ್, ಟ್ರಮಡಾಲ್‌ನಂಥ ಔಷಧಗಳ ವಿಷಯ ಬೇರೆ, ಅವನ್ನು ವೈದ್ಯರು ಹೇಳದೆ ಮುಟ್ಟಬಾರದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು ಐಬುಪ್ರೊಫೆನ್‌ಗೆ ಮೊದಲೂ ಕೇಳಬೇಕು.

ಆದರೆ ಡಿಕ್-ರೀಡ್ ವಿವರಿಸಿದ ಸುತ್ತು ಇಲ್ಲಿಯೂ ತಿರುಗುತ್ತದೆ, ಅದೂ ಇನ್ನಷ್ಟು ಸ್ಪಷ್ಟವಾಗಿ. ಹೊಲಿಗೆ ಬಿಚ್ಚೀತೆಂಬ ಹೆದರಿಕೆಗೆ ಬಾಣಂತಿ ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ, ಬಾಗಿಕೊಂಡೇ ಇರುತ್ತಾಳೆ. ಬಿಗಿಹಿಡಿದ ಸ್ನಾಯು ಗಾಯವನ್ನು ಎಳೆಯುತ್ತದೆ. ಬಾಗಿ ಕೂತು ಬೆನ್ನು ಹಿಡಿಯುತ್ತದೆ. ಅಲುಗಾಡದೆ ಮಲಗಿದ್ದಕ್ಕೆ ಗ್ಯಾಸ್ ಕದಲುವುದಿಲ್ಲ. ಕೆಮ್ಮಲು ಹೆದರಿ ಕಫ ಕಟ್ಟುತ್ತದೆ. ಸಿಸೇರಿಯನ್‌ಗೆ ಮೊದಲು ಹೆಚ್ಚು ಆತಂಕದಲ್ಲಿದ್ದವರಿಗೆ ಆಮೇಲೆ ನೋವೂ ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಈ ಸುತ್ತನ್ನು ಕಡಿಯುವ ಮೊದಲ ಉಪಾಯ ಮಾಹಿತಿ. ಗಾಯವನ್ನು ಪದರ ಪದರವಾಗಿ ಹೊಲಿದಿರುತ್ತಾರೆ, ನಡೆದಾಡಿದರೆ ಅದು ಬಿಚ್ಚಿಕೊಳ್ಳುವುದಿಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಬಿಗಿತ ಸಡಿಲುತ್ತದೆ. ಹೆರಿಗೆಯಾದವಳು ವಾರಗಟ್ಟಲೆ ಹಾಸಿಗೆ ಬಿಡಬಾರದು ಎಂಬುದು ಡಿಕ್-ರೀಡ್ ಕಾಲದ ಯುರೋಪಿನ ಪದ್ಧತಿಯೂ ಆಗಿತ್ತು. ಎರಡನೆಯ ಮಹಾಯುದ್ಧದ ಸುಮಾರಿಗೆ ಅದು ಬದಲಾಯಿತು. ಈಗ ಸ್ಪೈನಲ್ ಇಂಜೆಕ್ಷನ್ನಿನ ಮರಗಟ್ಟುವಿಕೆ ಇಳಿದು ಕಾಲಿಗೆ ಬಲ ಬಂದ ಮೇಲೆ, ಸಾಮಾನ್ಯವಾಗಿ ಮೊದಲ ದಿನವೇ ಎಬ್ಬಿಸಿ ನಡೆಸುತ್ತಾರೆ. ಮೊದಲ ಸಲ ಏಳುವಾಗ ಪಕ್ಕದಲ್ಲಿ ಒಬ್ಬರಿರಬೇಕು, ತಲೆ ತಿರುಗಬಹುದು. ನಡೆದರೆ ಗ್ಯಾಸ್ ಹೋಗುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗುತ್ತದೆ. ಬಾಣಂತನದಲ್ಲಿ ಅದು ಸಣ್ಣ ಅಪಾಯವಲ್ಲ.

ಏಳುವುದಕ್ಕೂ ಒಂದು ರೀತಿಯಿದೆ. ಅಂಗಾತ ಮಲಗಿದಲ್ಲಿಂದ ನೇರ ಎದ್ದರೆ ಹೊಟ್ಟೆಯ ಸ್ನಾಯುಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ. ಮೊಣಕಾಲು ಮಡಚಿ, ಇಡೀ ಮೈಯನ್ನು ಒಂದೇ ಸಲಕ್ಕೆ ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಬಿಟ್ಟು, ಕೈ ಊರಿ ಏಳಬೇಕು. ಏಳುವಾಗ ಉಸಿರು ಹಿಡಿಯದೆ ಹೊರಬಿಡಬೇಕು. ಕೆಮ್ಮು, ಸೀನು, ನಗು ಬಂದಾಗ ದಿಂಬನ್ನೋ ಮಡಚಿದ ಟವೆಲ್ಲನ್ನೋ ಗಾಯದ ಮೇಲೆ ಮೆತ್ತಗೆ ಒತ್ತಿ ಹಿಡಿದರೆ ಎಳೆತ ಕಡಿಮೆ. ಹಾಲೂಡಿಸುವಾಗ ಮಗುವಿನ ಭಾರ ಹೊಟ್ಟೆಯ ಮೇಲೆ ಬೀಳದಂತೆ ಮಗ್ಗುಲಾಗಿ ಮಲಗಬಹುದು, ಅಥವಾ ಮಗುವನ್ನು ಪಕ್ಕದ ಕಂಕುಳಡಿಗೆ ದಿಂಬಿನ ಮೇಲೆ ಮಲಗಿಸಿಕೊಳ್ಳಬಹುದು. ಇವಕ್ಕೆಲ್ಲ ಖರ್ಚಿಲ್ಲ. ಆಪರೇಷನ್‌ಗೆ ಮೊದಲೇ ಎರಡು ಸಲ ಅಭ್ಯಾಸ ಮಾಡಿದ್ದರೆ ಇನ್ನೂ ಒಳ್ಳೆಯದು.

ನಿಧಾನ ಉಸಿರಾಟ, ಸಂಗೀತ, ಕೈಕಾಲು ಒತ್ತುವುದು, ಆಕ್ಯುಪಂಕ್ಚರ್, ಚರ್ಮದ ಮೇಲೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಟೆನ್ಸ್ ಯಂತ್ರ ಇವೆಲ್ಲದರ ಬಗ್ಗೆ 2020ರಲ್ಲಿ ಕೊಕ್ರೇನ್ ಸಂಸ್ಥೆ ಒಂದು ವಿಮರ್ಶೆ ಪ್ರಕಟಿಸಿತು. 37 ಅಧ್ಯಯನಗಳು, 3076 ತಾಯಂದಿರು. ಒತ್ತುವಿಕೆ, ಮೈ ಸಡಿಲಿಕೆ, ಟೆನ್ಸ್‌ನಂಥವು ನೋವನ್ನು ಒಂದಿಷ್ಟು ತಗ್ಗಿಸಬಹುದು, ಆದರೆ ಪುರಾವೆ ಗಟ್ಟಿಯಿಲ್ಲ ಎಂಬುದು ಅದರ ಸಾರ. ಅಧ್ಯಯನಗಳು ಚಿಕ್ಕವು. ತನಗೆ ಯಾವ ಉಪಚಾರ ಸಿಗುತ್ತಿದೆ ಎಂದು ಒತ್ತಿಸಿಕೊಳ್ಳುವವಳಿಗೆ ಗೊತ್ತಾಗದೆ ಇರುವುದೂ ಇಲ್ಲವಲ್ಲ. ಹೀಗಿರುವಾಗ ನನ್ನ ಅಭಿಪ್ರಾಯ ಇಷ್ಟು: ಖರ್ಚಿಲ್ಲದ, ಹಾನಿಯಿಲ್ಲದ ಉಸಿರಾಟ, ಹಾಡು, ಪಾದ ಒತ್ತುವುದನ್ನು ಧಾರಾಳವಾಗಿ ಮಾಡಿ. ದುಬಾರಿ ಪ್ಯಾಕೇಜು ಮಾರಲು ಬಂದವರಿಗೆ ಪುರಾವೆ ಕೇಳಿ.

ಹೊಟ್ಟೆಗೆ ಬಟ್ಟೆ ಕಟ್ಟುವ ನಮ್ಮ ಹಳೆಯ ರೂಢಿಯ ಹೊಸ ರೂಪ ಬೆಲ್ಟು. ಎದ್ದು ಓಡಾಡುವಾಗ ಅದು ಆಸರೆ ಕೊಡುತ್ತದೆಂದು ಕೆಲವು ಅಧ್ಯಯನಗಳೂ ಅಷ್ಟೇನಿಲ್ಲವೆಂದು ಕೆಲವೂ ಹೇಳಿವೆ. ಹಿತವೆನಿಸಿದರೆ ಹಾಕಿಕೊಳ್ಳಬಹುದು, ಉಸಿರಾಡಲು ಕಷ್ಟವಾಗುವಷ್ಟು ಬಿಗಿಯಬಾರದು. ಹೊಟ್ಟೆ ಕರಗಿಸುತ್ತದೆ ಅನ್ನುವುದು ಸುಳ್ಳು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯಂತೂ ಇಲ್ಲಿ ನೇರವಾಗಿ ನೋವು ಹೆಚ್ಚಿಸುತ್ತದೆ: ನೀರು ಸಾಲದೆ ಮಲ ಗಟ್ಟಿಯಾಗಿ, ಮುಕ್ಕಿದಾಗಲೆಲ್ಲ ಗಾಯ ಎಳೆಯುತ್ತದೆ. ಗಾಯದ ಸುತ್ತಲಿನ ಚರ್ಮ ಕೆಲವು ತಿಂಗಳು ಮರಗಟ್ಟಿದಂತೆ ಇರುವುದರಿಂದ ಅಲ್ಲಿ ಬಿಸಿ ಶಾಖ ಕೊಡುವುದು ಬೇಡ, ಸುಟ್ಟರೂ ತಿಳಿಯುವುದಿಲ್ಲ. ಒಣಗದ ಗಾಯಕ್ಕೆ ಎಣ್ಣೆ, ಅರಿಶಿನ ಹಚ್ಚುವುದೂ ಬೇಡ. ಚ್ಯೂಯಿಂಗ್ ಗಮ್ ಅಗಿದರೆ ಕರುಳು ಬೇಗ ಚಲಿಸತೊಡಗುತ್ತದೆ ಎಂಬುದಕ್ಕೆ ಮಾತ್ರ ತಕ್ಕಮಟ್ಟಿನ ಆಧಾರವಿದೆ, ಎಷ್ಟು ವಿಚಿತ್ರವೆನಿಸಿದರೂ.

ಸಿಸೇರಿಯನ್ ನೋವು ಸಾಮಾನ್ಯವಾಗಿ ದಿನದಿಂದ ದಿನಕ್ಕೆ ಇಳಿಯುತ್ತ ಹೋಗಬೇಕು. ಇಳಿಯುತ್ತಿದ್ದದ್ದು ಮೂರನೆಯ ನಾಲ್ಕನೆಯ ದಿನಕ್ಕೆ ಮತ್ತೆ ಏರಿದರೆ, ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಸ್ರಾವ ನಾರಿದರೆ ಅಥವಾ ರಕ್ತ ವಿಪರೀತ ಹೋದರೆ, ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ, ಉಸಿರಾಡಲು ಕಷ್ಟವಾದರೆ, ಎದ್ದು ಕೂತಾಗ ತಡೆಯಲಾರದ ತಲೆನೋವು ಬಂದು ಮಲಗಿದಾಗ ಇಳಿದರೆ ಅದು ಹೆದರಿಕೆಯ ನೋವಲ್ಲ. ಆ ಹೊತ್ತಿನಲ್ಲಿ ಯಾರು ಎಷ್ಟೇ ಧೈರ್ಯ ಹೇಳಿದರೂ ಕೇಳಿಸಿಕೊಳ್ಳದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.